ಕಾಟಾಕ್ಕ ಗೊತ್ತು, ಸರ್ಕಾರಕ್ಕ ಗೊತ್ತಿಲ್ಲ

ರಸ್ತೆ ಕೆಡುವುದು ಮಳೆಗಾಲದಲ್ಲಿ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಬೆಂಗಳೂರಿನ ಟಿವಿಯವರು ಜುಲೈ ತಿಂಗಳಲ್ಲಿ ಗುಂಡಿ ಎಣಿಸೋಕೆ ಸುರು ಮಾಡಿ, ದಸರಾ ಮುಗಿಯೋದರೊಳಗೆ ಮರೆತುಬಿಡುತ್ತಾರೆ. ನಮ್ಮ ಕಡೆ ಹಂಗಲ್ರೀ. ಶೇಡಬಾಳ, ಕಾಗವಾಡ, ಉಗಾರ, ಅಥಣಿ, ಹೊಳಿ ದಾಟಿದರೆ ಕುಡಚಿ, ರಾಯಬಾಗ, ಅತ್ತ ಚಿಕ್ಕೋಡಿ. ಈ ಸೀಮೆಯಲ್ಲಿ ರಸ್ತೆ ಪೂರ್ತಿ ಹಾಳಾಗುವುದು ಚಳಿಗಾಲದಲ್ಲಿ. ಮ್ಯಾಲೆ ಒಂದು ಮೋಡ ಇರೋದಿಲ್ಲ, ಒಂದು ಹನಿ ಬಿದ್ದಿರೋದಿಲ್ಲ. ಆದರೂ ನಿನ್ನೆ ಸಂಜೆ ಇರದಿದ್ದ ತೆಗ್ಗು ಇವತ್ತು ಬೆಳಿಗ್ಗೆ ಗಾಡಿಯ ಮುಂದಿನ ಗಾಲಿಗೆ ಕಾದು ಕುಂತಿರುತ್ತದೆ.

ದೀಪಾವಳಿ ಸುತ್ತಮುತ್ತ ಸಕ್ಕರೆ ಕಾರ್ಖಾನೆಗಳ ಬಾಯ್ಲರಿಗೆ ಬೆಂಕಿ ಬೀಳುತ್ತದೆ. ಅವತ್ತಿನಿಂದ ಮೂರು ನಾಲ್ಕು ತಿಂಗಳು ನಮ್ಮ ರಸ್ತೆ ನಮ್ಮದಲ್ಲ. ಬೆಳಗಿನ ಐದೂವರೆಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನಿಗೆ ಕೃಷ್ಣಾ ಹೊಳಿಯ ಮಂಜು, ಮಂಜಿನೊಳಗೆ ಧೂಳು. ಸಂಜೆ ಮನೆಗೆ ಬರುವವನಿಗೆ ಹೊಲದಲ್ಲಿ ರವದಿ ಸುಡುವ ಹೊಗೆ, ಹೊಗೆಯೊಳಗೆ ಮತ್ತದೇ ಧೂಳು. ಎದುರಿಗೆ ಬರುವ ಟ್ರ್ಯಾಕ್ಟರಿಗೆ ಒಂದೇ ಲೈಟು, ಅದೂ ಬೈಕೋ ಟ್ರ್ಯಾಕ್ಟರೋ ತಿಳಿಯದ ಹಾಗೆ. ಹಿಂದೆ ಎರಡು ಟ್ರೇಲರು, ಹಿಂದಿನದಕ್ಕೆ ಕೆಂಪು ದೀಪ ಅನ್ನೋದು ಇದ್ದರೂ ಜೋತುಬಿದ್ದ ಕಬ್ಬಿನ ಸೋಗಿಯೊಳಗೆ ಮುಚ್ಚಿಹೋಗಿರುತ್ತದೆ. ದೊಡ್ಡ ಸೌಂಡಿನ ಹಾಡು ಮಾತ್ರ ಎರಡು ಹೊಲ ಆಚೆಯಿಂದ ಕೇಳಿಸುತ್ತದೆ. ಗಾಡಿ ಕಾಣುವ ಮೊದಲು ಹಾಡು ಕೇಳುವುದರಿಂದ ಎಷ್ಟೋ ಜೀವ ಉಳಿದಿದ್ದಾವೆ ಅಂತ ನಾನು ನಂಬಿದ್ದೇನೆ.

ಆಕ್ಸಲ್ ಮುರಿದು ನಿಂತ ಟ್ರೇಲರಿನ ಸುತ್ತ ಕಲ್ಲು ಜೋಡಿಸಿರುತ್ತಾರೆ. ಎರಡು ದಿನದ ಮೇಲೆ ಟ್ರೇಲರು ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತವೆ. ತೆಗ್ಗು ತಪ್ಪಿಸಿದರೆ ಕಲ್ಲು, ಕಲ್ಲು ತಪ್ಪಿಸಿದರೆ ಎದುರಿನ ಟ್ರ್ಯಾಕ್ಟರು, ಅದನ್ನೂ ತಪ್ಪಿಸಿ ಬದಿಗೆ ಇಳಿದರೆ ಡಾಂಬರಿನ ಅಂಚಿನಿಂದ ಗೇಣುದ್ದ ಕೆಳಗೆ ಎರಿ ಮಣ್ಣು. ಹೋದ ಚಳಿಗಾಲ ನನ್ನ ಬೈಕಿನ ಮುಂದಿನ ರಿಮ್ ಬೆಂಡಾಯಿತು, ಮಗನ ಕಾರಿನ ಎರಡೂ ಶಾಕ್ ಅಬ್ಸಾರ್ಬರ್ ಹೋದವು. ಗ್ಯಾರೇಜಿನ ಹುಡುಗ ಬಿಲ್ಲು ಬರೆಯುತ್ತ ನಕ್ಕ. "ಕಾಕಾ, ರೈತರಿಗೆ ಅಷ್ಟ ಅಲ್ಲ, ನಮಗೂ ಇದ ಸುಗ್ಗಿ" ಅಂದ.

ರಿಮ್ಮು ಹೋದರೆ ಹೋಗಲಿ, ರೊಕ್ಕ ಕೊಟ್ಟರೆ ಬರುತ್ತದೆ. ಆದರೆ ಈ ಸೀಮೆಯ ಮಂದಿ ಜೀವಕ್ಕೆ ಬಂದಾಗ ಓಡುವುದು ಮಿರಜಕ್ಕೆ. ಡಾಕ್ಟರ್ ವಾನ್ಲೆಸ್ ಅನ್ನೋ ಪಾದ್ರಿ ಡಾಕ್ಟರು 1894ರಲ್ಲಿ ಅಲ್ಲಿ ಮಿಶನ್ ದವಾಖಾನಿ ತೆಗೆದಾಗಿನಿಂದ ನಮ್ಮ ಮುತ್ತ್ಯಾ, ಅಜ್ಜ, ಅಪ್ಪ ಎಲ್ಲರೂ ಅದೇ ದಿಕ್ಕಿಗೆ ಓಡಿದ್ದಾರೆ. ಹೆರಿಗೆ ನೋವು ಎದ್ದ ಹೆಣ್ಣುಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಡಿಸೆಂಬರಿನ ರಾತ್ರಿ, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಆ ತೆಗ್ಗಿನೊಳಗೆ ಹೋಗಿ ನೋಡ್ರಿ. ಆಮೇಲೆ ಮಾತಾಡೋಣ.

2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಲೆಕ್ಕ ಬಂತು. 2013ರಿಂದ 2017ರ ನಡುವೆ ರಸ್ತೆಗುಂಡಿಗಳಿಂದಾಗಿ ದೇಶದಲ್ಲಿ ಸತ್ತವರು 14,926 ಮಂದಿ. ಇದನ್ನು ಒಪ್ಪಲಿಕ್ಕೆ ಸಾಧ್ಯವಿಲ್ಲ ಅಂತ ಕೋರ್ಟು ಹೇಳಿತು. ನಾವು ಮಾತ್ರ ಒಪ್ಪಿಕೊಂಡು ಕುಂತಿದ್ದೇವೆ. ಯಾಕಂದರೆ ನಮಗೆ ಪ್ರತಿ ವರ್ಷ ಒಂದು ಕಾರಣ ಹೇಳುತ್ತಾರೆ, ನಾವು ಹೌದು ಹೌದು ಅನ್ನುತ್ತೇವೆ.

ಮೊದಲನೇ ಕಾರಣ ಮಳೆ, ಪ್ರವಾಹ. 2019ರಲ್ಲಿ ಹೊಳಿ ಬಂತು, 2021ರಲ್ಲಿ ಮತ್ತೆ ಬಂತು, ರಸ್ತೆ ಕಿತ್ತುಹೋದವು, ಅದು ಖರೆ. ಆದರೆ ಹೊಳಿ ಬರದ ವರ್ಷ ಯಾಕೆ ಕೆಡುತ್ತವೆ? ಹೊಳಿಯ ನೀರು ಎಂದೂ ಮುಟ್ಟದ ಎತ್ತರದ ರಸ್ತೆ ಯಾಕೆ ಕೆಡುತ್ತವೆ?

ಎರಡನೇ ಕಾರಣ ಎರಿ ಭೂಮಿ. ಇದರಲ್ಲೂ ಅರ್ಧ ಸತ್ಯ ಇದೆ. ನಮ್ಮ ಕರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನವೆಂಬರ್ ದಾಟಿದ ಮೇಲೆ ಹೊಲದಲ್ಲಿ ಬಿರುಕು ಬೀಳುವ ಹಾಗೆ ರಸ್ತೆಯ ಬದಿಯಲ್ಲೂ ಬೀಳುತ್ತದೆ. ಅಂಚಿನ ಕೆಳಗೆ ಟೊಳ್ಳಾಗುತ್ತದೆ. ಅದರ ಮೇಲೆ ಭಾರ ಬಿದ್ದರೆ ಅಂಚು ಮುರಿಯುತ್ತದೆ. ಅಂದರೆ ನಮ್ಮ ರಸ್ತೆಯ ಬುಡ ಸಡಿಲಾಗಿರುವ ಹೊತ್ತಿಗೇ ಸರಿಯಾಗಿ ವರ್ಷದ ಅತಿ ದೊಡ್ಡ ಭಾರ ಅದರ ಮೇಲೆ ಬರುತ್ತದೆ. ಮಣ್ಣು ಕರಿ ಅನ್ನೋದು ಎಂಜಿನಿಯರಿಗೆ ನಿನ್ನೆ ಗೊತ್ತಾದದ್ದೇನು? ಇದೇ ಮಣ್ಣಿನಲ್ಲಿ ನಮ್ಮ ಹಿರಿಯರು ವಾಡೆ ಕಟ್ಟಿದ್ದಾರೆ, ಬ್ರಿಟಿಷರು ರೈಲು ಹಳಿ ಹಾಕಿದ್ದಾರೆ. ಶೇಡಬಾಳ ಸ್ಟೇಶನ್ನಿನ ಮೇಲೆ ಇವತ್ತಿಗೂ ರೈಲು ಓಡುತ್ತಿದೆ. ಹಳಿಯ ಮೇಲೆ ಎಷ್ಟು ಭಾರ ಹೋಗಬೇಕು ಅನ್ನೋದನ್ನು ರೈಲ್ವೆಯವರು ಲೆಕ್ಕ ಇಟ್ಟು ಬಿಡುತ್ತಾರೆ, ಅಷ್ಟೇ ವ್ಯತ್ಯಾಸ.

ಆ ಭಾರದ ಲೆಕ್ಕಕ್ಕೇ ಬರೋಣ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಒಟ್ಟಾವಾ ಅನ್ನೋ ಊರಿನ ಹತ್ತಿರ, ಪರೀಕ್ಷೆಗೆ ಅಂತಲೇ ರಸ್ತೆ ಹಾಕಿ, ಸೈನಿಕರನ್ನು ಕೂಡಿಸಿ ಅದರ ಮೇಲೆ ಲಾರಿ ಓಡಿಸಿದರು. ಎಷ್ಟು ಭಾರಕ್ಕೆ ಎಷ್ಟು ಕೆಡುತ್ತದೆ ಅಂತ ಅಳೆದರು. ಅದರಿಂದ ಹೊರಟ ಲೆಕ್ಕ ಇವತ್ತಿಗೂ ಎಂಜಿನಿಯರಿಂಗ್ ಹುಡುಗರು ಓದುತ್ತಾರೆ: ಒಂದು ಆಕ್ಸಲ್ಲಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಹಾನಿ ಅದರ ನಾಲ್ಕನೇ ಘಾತದಷ್ಟು ಹೆಚ್ಚುತ್ತದೆ. ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. ಭಾರ ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು.

ಇದನ್ನು ನಮ್ಮ ಹೊಲದ ಭಾಷೆಗೆ ಇಳಿಸೋಣ. ಮೂರು ಸರ್ತಿ ಒಯ್ಯಬೇಕಾದ ಕಬ್ಬನ್ನು ಎರಡೇ ಸರ್ತಿಯಲ್ಲಿ ತುಂಬಿ ಒಯ್ದೆವು ಅಂತ ಹಿಡೀರಿ. ಖಾಲಿ ಗಾಡಿಯ ತೂಕ ಬದಿಗಿಟ್ಟು ಸುಮಾರು ಲೆಕ್ಕ ಹಾಕಿದರೆ, ಮೂರು ಖೇಪಿನಲ್ಲಿ ರಸ್ತೆಗೆ ಆಗುವ ಹಾನಿ ಮೂರು, ಎರಡು ಖೇಪಿನಲ್ಲಿ ಆಗುವ ಹಾನಿ ಹತ್ತು. ಕಬ್ಬು ಅಷ್ಟೇ, ದಾರಿ ಅಷ್ಟೇ. ಒಂದು ಖೇಪಿನ ಡೀಸೆಲ್ ಉಳಿಸಲಿಕ್ಕೆ ರಸ್ತೆಯ ಆಯುಷ್ಯದ ಎರಡು ಪಾಲಿಗಿಂತ ಹೆಚ್ಚು ನುಂಗಿಹಾಕಿದ ಹಾಗೆ ಆಯ್ತು.

ನಮ್ಮ ದೇಶದಲ್ಲಿ ರಸ್ತೆಯ ದಪ್ಪ ಲೆಕ್ಕ ಹಾಕುವಾಗ ಎಂಜಿನಿಯರುಗಳು ಹಿಡಿಯುವ ಮಾನ 8,160 ಕಿಲೋ ಭಾರದ ಆಕ್ಸಲ್. ನನ್ನ ಬೈಕಿನ ಹಿಂದಿನ ಗಾಲಿಯ ಮೇಲೆ ನಾನೂ ಸೇರಿ 150 ಕಿಲೋ ಅಂತ ಹಿಡಿದು, ಅದೇ ಲೆಕ್ಕವನ್ನು ಅಲ್ಲಿತನಕ ಎಳೆದು ನೋಡಿದೆ. ಅಂಥ ಒಂದು ಆಕ್ಸಲ್ ಒಂದು ಸರ್ತಿ ಹಾದು ಮಾಡುವ ಹಾನಿಯನ್ನು ನಾನು ಮಾಡಬೇಕಾದರೆ ಅದೇ ಜಾಗದ ಮೇಲೆ ಎಂಬತ್ತು ಲಕ್ಷಕ್ಕೂ ಹೆಚ್ಚು ಸರ್ತಿ ಓಡಾಡಬೇಕು. ಬೈಕು ತಗೊಳ್ಳುವಾಗ ಲೈಫ್ ಟ್ಯಾಕ್ಸ್ ಕೊಟ್ಟವ ನಾನು, ಪೆಟ್ರೋಲಿನ ಜೊತೆ ರಸ್ತೆ ಸೆಸ್ ಕೊಡುವವ ನಾನು, ತೆಗ್ಗಿನಲ್ಲಿ ಬೀಳುವವನೂ ನಾನೇ.

ಖೇಪಿನ ಸಂಖ್ಯೆ ಎಷ್ಟು ಅಂತ ಕೇಳಿದರೆ ಅದನ್ನೂ ಎಣಿಸೋಣ. ದಿನಕ್ಕೆ 10,000 ಟನ್ ಅರೆಯುವ ಒಂದು ಕಾರ್ಖಾನೆ, ಒಂದು ಗಾಡಿಗೆ 20 ಟನ್ ಕಬ್ಬು. ಅಂದರೆ ದಿನಕ್ಕೆ 500 ಗಾಡಿ. ಹಗಲು ರಾತ್ರಿ ಸೇರಿ ಮೂರು ಮಿನಿಟಿಗೊಂದು. 120 ದಿನಕ್ಕೆ 60,000 ಖೇಪು, ಖಾಲಿ ಬರೋದು ಬೇರೆ. ಇದು ಒಂದು ಕಾರ್ಖಾನೆಯ ಲೆಕ್ಕ. ನಮ್ಮ ಸುತ್ತ ಎಷ್ಟು ಚಿಮಣಿ ಕಾಣುತ್ತವೆ ಅಂತ ಮಾಳಿಗೆ ಏರಿ ನೀವೇ ಎಣಿಸಿಕೊಳ್ಳಿರಿ. ಚಕ್ಕಡಿಯಲ್ಲಿ ಕಬ್ಬು ಹೋಗುತ್ತಿದ್ದ ಕಾಲಕ್ಕೆ ಅಂತ ಬಿದ್ದ ರಸ್ತೆ ಇವು. ಚಕ್ಕಡಿ ಹೋಗಿ ಡಬಲ್ ಟ್ರೇಲರ್ ಬಂತು, ರಸ್ತೆ ಮಾತ್ರ ಚಕ್ಕಡಿ ಕಾಲದ್ದೇ, ಮೇಲೆ ಡಾಂಬರಿನ ಬಳಿತ ಅಷ್ಟೇ.

ಈಗ ನನ್ನ ಮೇಲೆ ಸಿಟ್ಟಿಗೇಳುವವರು ಇದ್ದಾರೆ. "ಏನೋ, ನೀನು ಉಣ್ಣೋದು ಕಬ್ಬಿನ ರೊಕ್ಕ ಅಲ್ಲೇನು? ರೈತನ ಹೊಟ್ಟಿ ಮ್ಯಾಲೆ ಯಾಕ ಹೊಡೀತಿ?" ಅಂತಾರೆ. ಹೌದು, ನಾನೂ ಕಬ್ಬಿನ ಸೀಮೆಯವನೇ. ಈ ಊರುಗಳ ಮನೆ, ಮದುವೆ, ಮಕ್ಕಳ ಕಾಲೇಜು ಎಲ್ಲ ನಿಂತಿರುವುದು ಕಬ್ಬಿನ ಮೇಲೆ. ಅದಕ್ಕೇ ಕೇಳುತ್ತೇನೆ, ಹೇರು ಹೆಚ್ಚಾದರೆ ಲಾಭ ಯಾರಿಗೆ?

ರೈತನಿಗಂತೂ ಅಲ್ಲ. ಕೇಂದ್ರ ಸರ್ಕಾರ ಪ್ರತಿ ವರ್ಷ ಗೊತ್ತು ಮಾಡುವ ಎಫ್‌ಆರ್‌ಪಿ ದರ ಕಾರ್ಖಾನೆಯ ಗೇಟಿಗೆ ಕಬ್ಬು ಮುಟ್ಟಿದ ಮೇಲಿನ ದರ. ಕಡಿಯುವ ಖರ್ಚು, ಸಾಗಿಸುವ ಖರ್ಚು ಅದರಿಂದಲೇ ಮುರಿಯುತ್ತದೆ. ರಸ್ತೆ ಕೆಟ್ಟು ಗಾಡಿ ನಿಧಾನ ಆದರೆ, ಆಕ್ಸಲ್ ಮುರಿದರೆ, ಟಾಯರ್ ಹೋದರೆ, ಆ ಖರ್ಚು ಸುತ್ತಿ ಬಳಸಿ ಬಂದು ಬೀಳುವುದು ಅದೇ ರೈತನ ತಲೆಯ ಮೇಲೆ. ಡ್ರೈವರನಿಗೆ 'ಎಂಟ್ರಿ' ಕೊಡದಿದ್ದರೆ ಗಾಡಿ ಹೊಲಕ್ಕೇ ಬರೋದಿಲ್ಲ. ಕಡಿದ ಕಬ್ಬು ಹೊಲದಲ್ಲಿ ಒಂದು ದಿನ ಹೆಚ್ಚಿಗೆ ಬಿದ್ದರೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಇಳುವರಿಯೂ ಇಳಿಯುತ್ತದೆ.

ಟ್ರ್ಯಾಕ್ಟರಿನವನಿಗೂ ಅಲ್ಲ. ಸಾಲ ಮಾಡಿ ಟ್ರ್ಯಾಕ್ಟರ್ ತಂದಿರುತ್ತಾನೆ, ಗ್ಯಾಂಗಿಗೆ ಮುಂಗಡ ಕೊಟ್ಟಿರುತ್ತಾನೆ. ಅವನಿಗೆ ಬಾಡಿಗೆ ಟನ್ನಿನ ಲೆಕ್ಕದಲ್ಲಿ. ಟನ್ನಿಗೆ ಇಷ್ಟು ಅಂತ ಕಡಿಮೆ ದರ ಗೊತ್ತು ಮಾಡಿ, ಕಾಯ್ದೆ ಪ್ರಕಾರ ತುಂಬಿಕೊಂಡು ಬಾ ಅಂದರೆ ಅವನ ಕಂತು ತುಂಬೋದಿಲ್ಲ. ಅದಕ್ಕೆ ತುಂಬುತ್ತಾನೆ, ಮತ್ತೆ ತುಂಬುತ್ತಾನೆ, ಮುಂದಿನ ಗಾಲಿ ನೆಲ ಬಿಟ್ಟು ಏಳುವ ತನಕ ತುಂಬುತ್ತಾನೆ. ಅಂಥ ಹುಡುಗ ಸ್ಟೇರಿಂಗ್ ಹಿಡಿದು ಏರು ಹತ್ತುವುದನ್ನು ನೋಡಿದವರಿಗೆ ಗೊತ್ತು, ಅವನು ದುಡಿಯುತ್ತಿರುವುದು ಜೀವ ಪಣಕ್ಕೆ ಇಟ್ಟು. ಲಾಭ ಇರೋದು ಅಗ್ಗದ ಸಾಗಣೆಯಿಂದ ಕಬ್ಬು ಗೇಟಿಗೆ ತರಿಸಿಕೊಳ್ಳುವವರಿಗೆ. ರಸ್ತೆ ಅನ್ನೋದು ಕಾರ್ಖಾನೆಯ ಕನ್ವೇಯರ್ ಬೆಲ್ಟ್ ಆಗಿಬಿಟ್ಟಿದೆ. ಒಳಗಿನ ಬೆಲ್ಟ್ ಹರಿದರೆ ಅವರೇ ಹಾಕಿಸಬೇಕು. ಹೊರಗಿನದು ಹರಿದರೆ ಲೋಕೋಪಯೋಗಿ ಇಲಾಖೆ ಇದೆಯಲ್ಲ!

"ಎಲ್ಲಾ ಖರೆ, ಆದ್ರ ಓವರ್‌ಲೋಡ್ ಹಿಡಿಯೋದು ಹೆಂಗ್ರೀ? ಸಿಬ್ಬಂದಿ ಇಲ್ಲ, ರಾತ್ರಿ ಹೊತ್ತು, ಹಳ್ಳಿ ದಾರಿ..." ಅಂತ ಅಧಿಕಾರಿಗಳು ಕೈ ಚೆಲ್ಲುತ್ತಾರೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನಗು ತರಿಸುವ ಮಾತು. ಸ್ವಾಮಿ, ಈ ದೇಶದಲ್ಲಿ ಉಸುಕಿನ ಲಾರಿ ತಪ್ಪಿಸಿಕೊಳ್ಳಬಹುದು, ಕಲ್ಲಿನ ಟಿಪ್ಪರ್ ತಪ್ಪಿಸಿಕೊಳ್ಳಬಹುದು. ಒಂದೂ ಬಿಡದೆ, ಹಗಲು ರಾತ್ರಿ, ಪ್ರತಿಯೊಂದೂ ತೂಕ ಆಗಿಯೇ ಮುಂದೆ ಹೋಗುವ ಗಾಡಿ ಅಂತ ಇದ್ದರೆ ಅದು ಕಬ್ಬಿನ ಗಾಡಿ. ಗೇಟಿನಲ್ಲೇ ಕಾಟಾ ಇದೆ. ತುಂಬಿದ ಗಾಡಿ ತೂಗುತ್ತಾರೆ, ಖಾಲಿ ಮಾಡಿ ಮತ್ತೆ ತೂಗುತ್ತಾರೆ. ಗಾಡಿ ನಂಬರು, ತಾರೀಖು, ವೇಳೆ, ರೈತನ ಹೆಸರು, ಒಟ್ಟು ತೂಕ, ನಿವ್ವಳ ತೂಕ ಎಲ್ಲ ಕಂಪ್ಯೂಟರಿನಲ್ಲಿ ಕುಂತಿರುತ್ತದೆ, ಚೀಟಿಯೂ ಹೊರಗೆ ಬರುತ್ತದೆ. ಆ ಟ್ರೇಲರಿಗೆ ಎಷ್ಟು ಹೇರಬಹುದು ಅನ್ನೋದು ಆರ್‌ಸಿಯಲ್ಲಿ ಬರೆದಿದೆ. ಎರಡು ಕಾಗದ ಪಕ್ಕ ಪಕ್ಕ ಇಟ್ಟರೆ ಆಯ್ತು. ಪೊಲೀಸರು ಚಳಿಯಲ್ಲಿ ನಿಲ್ಲಬೇಕಾಗಿಲ್ಲ, ಆರ್‌ಟಿಒ ಜೀಪು ಓಡಬೇಕಾಗಿಲ್ಲ. ಇಷ್ಟು ವರ್ಷ ರೈತ ಕಾಟಾದ ಕಡೆ ಸಂಶಯದಿಂದ ನೋಡುತ್ತಾ ಕೇಳಿದ್ದು ಒಂದೇ ಪ್ರಶ್ನೆ: ನನ್ನ ತೂಕ ಕಡಿಮೆ ತೋರಿಸ್ಯಾರೇನು? ಅದೇ ಕಾಟಾಕ್ಕೆ, ಇಷ್ಟು ಹೆಚ್ಚಿಗೆ ಹೊತ್ತ ಗಾಡಿ ರಸ್ತೆ ಮೇಲೆ ಹೆಂಗ ಬಂತು ಅಂತ ಯಾವ ಅಧಿಕಾರಿ ಕೇಳಿದ್ದಾನೆ?

ಕಾಯ್ದೆ ಇಲ್ಲ ಅನ್ನೋ ಹಾಗೂ ಇಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಮು 2019ರ ತಿದ್ದುಪಡಿಯ ಮೇಲೆ ಏನು ಹೇಳುತ್ತದೆ? ಹೆಚ್ಚಿಗೆ ಹೇರಿದರೆ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಓಡಿಸಿದವನಿಗೆ ಅಷ್ಟೇ ಅಲ್ಲ, ಓಡಿಸಲಿಕ್ಕೆ ಕಾರಣ ಆದವನಿಗೂ, ಓಡಿಸಲು ಬಿಟ್ಟವನಿಗೂ ಆ ಕಲಮು ಅನ್ವಯಿಸುತ್ತದೆ. ನಮ್ಮಲ್ಲಿ ಎಂದಾದರೂ ಒಮ್ಮೆ ದಂಡ ಬಿದ್ದರೆ ಬೀಳುವುದು ಆ ಸ್ಟೇರಿಂಗ್ ಹುಡುಗನ ಮೇಲೆ. ಕಾರಣ ಆದವರು, ಬಿಟ್ಟವರು ಹಾರ ಹಾಕಿಸಿಕೊಂಡು ಬಾಯ್ಲರ್ ಪೂಜೆಗೆ ನಿಂತಿರುತ್ತಾರೆ.

ಅದೇ ತಿದ್ದುಪಡಿಯಲ್ಲಿ 198ಎ ಅಂತ ಇನ್ನೊಂದು ಕಲಮು ಬಂದಿದೆ. ರಸ್ತೆಯನ್ನು ಮಾನದಂಡದ ಪ್ರಕಾರ ಕಟ್ಟದೆ, ಕಾಯ್ದುಕೊಳ್ಳದೆ ಯಾರಾದರೂ ಸತ್ತರೆ, ಅಂಗವಿಕಲರಾದರೆ, ಹೊಣೆಗಾರ ಅಧಿಕಾರಿಗೆ, ಗುತ್ತಿಗೆದಾರನಿಗೆ ಒಂದು ಲಕ್ಷದವರೆಗೆ ದಂಡ. ಓದಲಿಕ್ಕೆ ಚಲೋ ಐತಿ. ಆದರೆ ಆ ರಸ್ತೆಯ ವಿನ್ಯಾಸಕ್ಕೆ ತಕ್ಕಂಥ ಯಾವ ವಾಹನ ಸಂಚಾರವನ್ನು ನಿರೀಕ್ಷಿಸಬಹುದಿತ್ತು ಅನ್ನೋದನ್ನೂ ಕೋರ್ಟು ನೋಡಬೇಕು ಅಂತ ಅದರಲ್ಲೇ ಇದೆ. ಈಗ ತಿಳೀತೇನ್ರೀ ಆಟ? ಗುತ್ತಿಗೆದಾರ ತೆಳ್ಳಗೆ ಡಾಂಬರು ಹಾಕುತ್ತಾನೆ, ಕೇಳಿದರೆ "ಇಷ್ಟು ಭಾರಕ್ಕ ಈ ರಸ್ತೆ ಮಾಡಿಲ್ರೀ" ಅನ್ನುತ್ತಾನೆ. ಇಲಾಖೆಯೂ ಅದನ್ನೇ ಅನ್ನುತ್ತದೆ. ಕಬ್ಬಿನವರು "ರಸ್ತೆ ಕಳಪೆ ಮಾಡ್ಯಾರ" ಅನ್ನುತ್ತಾರೆ. ಒಬ್ಬರ ತಪ್ಪು ಇನ್ನೊಬ್ಬರಿಗೆ ಛತ್ರಿ. ಓವರ್‌ಲೋಡ್ ನಿಲ್ಲದ ತನಕ ಕಳಪೆ ಕೆಲಸ ಸಿಕ್ಕಿಬೀಳೋದಿಲ್ಲ. ಇದಕ್ಕೇ ಯಾರಿಗೂ ಅದನ್ನು ನಿಲ್ಲಿಸುವ ಅವಸರ ಇಲ್ಲ.

ಹಾಗಾದರೆ ಇಲಾಖೆ ಏನೂ ಮಾಡೋದಿಲ್ಲ ಅಂತ ಅಲ್ಲ. ಸೀಸನ್ನಿನ ನಡುವೆ ತೆಗ್ಗಿಗೆ ಗರಸು ಸುರಿಯುತ್ತಾರೆ. ಎರಡು ದಿನಕ್ಕೆ ಗರಸು ಧೂಳಾಗಿ ಪಕ್ಕದ ದ್ರಾಕ್ಷಿ ಪಡದ ಮೇಲೆ ಕೂಡುತ್ತದೆ, ದ್ರಾಕ್ಷಿಯವರು ಬೈದುಕೊಂಡು ನೀರು ಹೊಡೆಯುತ್ತಾರೆ. ಕಬ್ಬು ಮುಗಿದು ಮಾರ್ಚ್ ಎಂಡ್ ಬಂದಾಗ ಬಿಲ್ಲಿನ ಸಲುವಾಗಿ ತೇಪೆ ಬೀಳುತ್ತದೆ. ಜೂನಿನಲ್ಲಿ ಮಳೆ, ನವೆಂಬರಿನಲ್ಲಿ ಮತ್ತೆ ಕಬ್ಬು. ಜೊತೆಗೆ ವರ್ಷಕ್ಕೊಮ್ಮೆ ರಿಫ್ಲೆಕ್ಟರ್ ಅಂಟಿಸುವ ಕಾರ್ಯಕ್ರಮ, ಫೋಟೋ, ಪೇಪರಿನಲ್ಲಿ ಸುದ್ದಿ. ರಿಫ್ಲೆಕ್ಟರ್ ಬ್ಯಾಡ ಅನ್ನಲಿಲ್ಲ ನಾನು. ಅದು ಬೇಕೇ ಬೇಕು. ಆದರೆ ಹೇರಿನ ಮೇಲೆ ಅಂಟಿಸಿದ ಬಣ್ಣದ ಪಟ್ಟಿಯಿಂದ ಹೇರಿನ ತೂಕ ಕಡಿಮೆ ಆಗೋದಿಲ್ಲ.

ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆಯಿತು. ಡಿಸೆಂಬರಿನಲ್ಲಿ ಅಲ್ಲಿ ಚಳಿಗಾಲದ ಅಧಿವೇಶನ ಕೂಡುತ್ತದೆ. ಸರಿಯಾಗಿ ನಮ್ಮ ರಸ್ತೆ ಸಾಯುವ ತಿಂಗಳು ಅದು! ಮಂತ್ರಿಗಳು ವಿಮಾನದಲ್ಲಿ ಸಾಂಬ್ರಾಕ್ಕೆ ಇಳಿಯುತ್ತಾರೆ, ಇಲ್ಲ ಹೆದ್ದಾರಿಯಲ್ಲಿ ನುಣುಪಾಗಿ ಬರುತ್ತಾರೆ. ಉತ್ತರ ಕರ್ನಾಟಕದ ಅಭಿವೃದ್ಧಿ ಮೇಲೆ ಭಾಷಣ ಆಗುತ್ತದೆ. ಸಕ್ಕರೆಯ ಹಿತ ಕಾಯುವವರು ಎಲ್ಲ ಪಕ್ಷದ ಬೆಂಚಿನಲ್ಲೂ ಕುಂತಿದ್ದಾರೆ. ಕಬ್ಬಿನ ದರದ ಮೇಲೆ ಗದ್ದಲ ಆಗಬೇಕು, ಆಗುತ್ತದೆ. ಕಬ್ಬು ಹೋಗುವ ರಸ್ತೆಯ ಖರ್ಚು ಯಾರು ಕೊಡಬೇಕು ಅನ್ನೋ ಪ್ರಶ್ನೆ ಬಂದಾಗ ಎರಡೂ ಕಡೆ ಒಂದೇ ಥರ ಮೌನ. ಅಧಿವೇಶನದ ಒಂದು ದಿನ ಎಲ್ಲರನ್ನೂ ಒಂದು ಸಾದಾ ಬಸ್ಸಿನಲ್ಲಿ ಕೂಡಿಸಿ ರಾತ್ರಿ ಎಂಟಕ್ಕೆ ಉಗಾರದಿಂದ ಶೇಡಬಾಳದ ಮೇಲೆ ಕಾಗವಾಡಕ್ಕೆ ಕರೆದೊಯ್ದರೆ ಸಾಕು, ನೂರು ಭಾಷಣದ ಕೆಲಸ ಒಂದೇ ತಾಸಿನಲ್ಲಿ ಆಗುತ್ತದೆ.

ಇನ್ನು ಕೆಲವರು ಗಡಿಯ ಮಾತು ತೆಗೆಯುತ್ತಾರೆ. ಮಹಾರಾಷ್ಟ್ರ ಹತ್ತಿದ ಕೂಡಲೇ ರಸ್ತೆ ಹೆಂಗ ಐತಿ ನೋಡ್ರಿ ಅಂತ ನಮ್ಮವರು. ಆ ಕಡೆಯವರನ್ನು ಕೇಳಿದರೆ ಅವರೂ ತಮ್ಮ ರಸ್ತೆಗೆ ಬೈಯುತ್ತಾರೆ, ಮರಾಠಿಯಲ್ಲಿ. ಕಬ್ಬು ಎರಡೂ ಕಡೆ ಓಡಾಡುತ್ತದೆ, ಟಾಯರಿಗೆ ಭಾಷೆ ಇಲ್ಲ. ಗಡಿ ಜಗಳದ ಹೆಸರಿನಲ್ಲಿ ಈ ಪ್ರಶ್ನೆ ಮರೆಸುವುದು ಎರಡೂ ಸರ್ಕಾರಕ್ಕೆ ಅನುಕೂಲ.

ನಾನು ಕೇಳುವುದು ಬಹಳ ಇಲ್ಲ. ಒಂದು, ಪ್ರತಿ ಕಾರ್ಖಾನೆಯ ಕಾಟಾದ ಲೆಕ್ಕ ಅವತ್ತಿನದು ಅವತ್ತೇ ಸಾರಿಗೆ ಇಲಾಖೆಗೆ ಹೋಗಲಿ. ಹೆಚ್ಚಿಗೆ ಹೇರಿದ ಗಾಡಿಯ ದಂಡ ಹುಡುಗನಿಗಲ್ಲ, ತರಿಸಿಕೊಂಡವರಿಗೆ ಬೀಳಲಿ. ಎರಡು, ಕಾಯ್ದೆ ಪ್ರಕಾರ ಹೇರಿದರೂ ಟ್ರ್ಯಾಕ್ಟರಿನವನ ಕಂತು ತುಂಬುವಷ್ಟು ಬಾಡಿಗೆ ಕೊಡಲಿ, ಅದನ್ನು ರೈತನ ಬಿಲ್ಲಿನಲ್ಲಿ ಮುರಿಯದಿರಲಿ. ಮೂರು, ಅರೆದ ಪ್ರತಿ ಟನ್ನಿಗೆ ಇಷ್ಟು ಅಂತ ಕಾರ್ಖಾನೆಯಿಂದ ರಸ್ತೆಯ ರೊಕ್ಕ ಬರಲಿ. ಅದು ಬೆಂಗಳೂರಿಗೆ ಹೋಗದೆ, ಆ ಕಬ್ಬು ಹಾದು ಬಂದ ರಸ್ತೆಗೇ ಖರ್ಚಾಗಲಿ. ಎರಿ ಮಣ್ಣು ತೆಗೆದು, ಬುಡ ಗಟ್ಟಿ ಮಾಡಿ, ಬದಿಗೆ ಗಟಾರು ಬಿಟ್ಟು, ಭಾರ ತಡೆಯುವಂಥ ರಸ್ತೆ ಆಗಲಿ. ಆಮೇಲೂ ಕಿತ್ತುಹೋದರೆ ಗುತ್ತಿಗೆದಾರನಿಗೆ ಹೇಳಿಕೊಳ್ಳಲಿಕ್ಕೆ ಯಾವ ನೆಪವೂ ಉಳಿಯೋದಿಲ್ಲ.

ಇಷ್ಟನ್ನೂ ನಮ್ಮೂರ ಕಟ್ಟೆಯ ಮೇಲೆ ಹೇಳಿದಾಗ ಒಬ್ಬ ಹಿರಿಯರು, "ತಮ್ಮಾ, ಇದೆಲ್ಲಾ ಆಗೂ ಹೋಗೂ ಮಾತಲ್ಲ, ಮೂರು ತಿಂಗಳಾ ತಡಕೋಬೇಕು" ಅಂದರು. ಇಷ್ಟು ವರ್ಷ ತಡಕೊಂಡದ್ದಕ್ಕೇ ಇದು ಇಲ್ಲಿಗೆ ಬಂದಿದೆ. ಮುಂದಿನ ಸರ್ತಿ ನಿಮ್ಮ ಕಬ್ಬು ಹೋದಾಗ ತೂಕದ ಚೀಟಿ ಜೋಪಾನ ಇಟ್ಟುಕೊಳ್ಳಿರಿ. ಅದರಲ್ಲಿ ನಿಮ್ಮ ಬಿಲ್ಲು ಅಷ್ಟೇ ಇಲ್ಲ, ನಿಮ್ಮ ರಸ್ತೆ ಯಾರು ಮುರಿದರು ಅನ್ನೋ ಸಾಕ್ಷಿಯೂ ಇದೆ. ವೋಟು ಕೇಳಲಿಕ್ಕೆ ಬಂದವರ ಕೈಗೆ ಅದರ ಝೆರಾಕ್ಸ್ ಕೊಡ್ರಿ. ಓದಲಿಕ್ಕೆ ಬರೋದಿಲ್ಲ ಅಂತ ಅವರು ಹೇಳಲಾರರು, ಅಂಕಿಯಲ್ಲೇ ಬರೆದಿರುತ್ತದೆ.